ಪುಲ್ಲ್ ಅಂದರೆ ಬರೀ ಹುಲ್ಲಲ್ಲ

ಕೇರಳಕ್ಕೆ ಬಂದ ನಾವು ಕನ್ನಡಿಗರು ಮಲಯಾಳ ಕಲಿಯಲು ಒಂದು ಸುಲಭದ ದಾರಿ ಹಿಡಿಯುತ್ತೇವೆ: ನಮ್ಮ ‘ಹ’ ತೆಗೆದು ‘ಪ’ ಹಾಕುವುದು. ಹಾಲು ಪಾಲ್, ಹಲ್ಲು ಪಲ್ಲ್, ಹುಲಿ ಪುಲಿ. ಹಳಗನ್ನಡದಲ್ಲಿ ನಮ್ಮದೂ ‘ಪ’ವೇ ಆಗಿತ್ತು, ನಾವು ಬದಲಾದೆವು, ಅವರು ಹಾಗೇ ಉಳಿಸಿಕೊಂಡರು. ಹುಲ್ಲು ಇಲ್ಲಿ ಪುಲ್ಲ್. ಆದರೆ ಕೊಚ್ಚಿಯಲ್ಲಿ ಈ ಪದ ಕಿವಿಗೆ ಬೀಳುವಷ್ಟು ಹುಲ್ಲು ಕಣ್ಣಿಗೆ ಬೀಳುವುದಿಲ್ಲ.

ಬಸ್ಸು ತಪ್ಪಿದರೆ ‘ಪುಲ್ಲ್!’. ಏನೂ ತಿಳಿಯದವನಿಗೆ ‘ಒರು ಪುಲ್ಲುಂ ಅರಿಯಿಲ್ಲ’. ಯಾರೂ ಲೆಕ್ಕಕ್ಕಿಡದ ಮಾತಿಗೆ ‘ಪುಲ್ಲುವಿಲ’, ಅಂದರೆ ಹುಲ್ಲಿನ ಬೆಲೆ. ‘ಪೋಡಾ ಪುಲ್ಲೇ’ ಅಂದಿರೋ, ಜಗಳ ಶುರು. ತಿರುವನಂತಪುರದ ಸೆಕ್ರೆಟರಿಯೇಟ್ ಮುಂದಿನ ಮೆರವಣಿಗೆಗಳಲ್ಲಿ ಕೇಳಬೇಕು: ‘ಪುಲ್ಲಾಣೇ ಪುಲ್ಲಾಣೇ, ಪೊಲೀಸ್ ಞಂಙಳ್‌ಕ್ಕ್ ಪುಲ್ಲಾಣೇ!’ ಪೊಲೀಸರು ನಮಗೆ ಹುಲ್ಲು ಎಂದರ್ಥ. ಎದುರಿಗೆ ಲಾಠಿ ಹಿಡಿದು ನಿಂತವರಲ್ಲೂ ಕಾಲೇಜು ದಿನಗಳಲ್ಲಿ ಇದನ್ನೇ ಕೂಗಿದವರು ಇದ್ದಾರು.

ಕನ್ನಡದಲ್ಲಿ ಹೀಗೆ ಬೈಯಲು ಬರುವುದಿಲ್ಲ, ಗಮನಿಸಿದ್ದೀರಾ? ತುಚ್ಛವಾಗಿ ಕಾಣಲು ನಮಗೆ ‘ಹುಲ್ಲುಕಡ್ಡಿ’ ಬೇಕು. ಒಂಟಿ ಕಡ್ಡಿಗೆ ಬೆಲೆಯಿಲ್ಲ, ನಿಜ, ಹುಲ್ಲಿಗೆ ಇದೆ.

ಪಾವಗಡದ ಕಡೆಯಿಂದ ನಮ್ಮಮ್ಮ ಬಂದಿದ್ದಾಗ, ಇಲ್ಲೇ ಹುಟ್ಟಿ ಬೆಳೆದ ನನ್ನ ಮಗ ಲೆಕ್ಕದ ಪುಸ್ತಕ ಎಸೆದು ‘ಪುಲ್ಲ್’ ಅಂದ. ಅರ್ಥ ಕೇಳಿ ತಿಳಿದುಕೊಂಡ ಅಮ್ಮ ನಗಲಿಲ್ಲ. “ಹುಲ್ಲು ಬೈಗುಳ ಏನೋ ಮಗಾ? ಬರದಾಗೆ ಹುಲ್ಲಿಲ್ದೆ ನಿಮ್ಮ ತಾತ ಜೋಡೆತ್ತು ಮಾರ್‌ಬಿಟ್ರು. ಮೂರು ದಿನ ಉಣ್ಣಲಿಲ್ಲ,” ಅಂದರು. ಎತ್ತು ಮಾರಿದ ಸುದ್ದಿ ನನಗೆ ಗೊತ್ತಿತ್ತು; ಉಣ್ಣದ ಸುದ್ದಿ ಗೊತ್ತಿರಲಿಲ್ಲ. ಮಗ ಪುಸ್ತಕ ಎತ್ತಿಕೊಂಡ. ಮಾರನೇ ದಿನ ಮತ್ತೆ ಅದೇ ಪುಲ್ಲ್, ಆದರೆ ಅಜ್ಜಿಗೆ ಕೇಳಿಸದ ಹಾಗೆ.

ನನಗನಿಸುವ ಕಾರಣ ಇದು. ನಮ್ಮಲ್ಲಿ ರಾಗಿಹುಲ್ಲು, ಭತ್ತದ ಹುಲ್ಲು, ಹಿತ್ತಲ ಹಸಿಹುಲ್ಲು ಎಲ್ಲಕ್ಕೂ ಒಂದೇ ಪದ. ಬಣವೆ ಒಟ್ಟಿದ ಮನೆಗೆ ಹೆಣ್ಣು ಕೊಡಲು ಧೈರ್ಯ ಹೆಚ್ಚು. ಇಲ್ಲಿ ಭತ್ತದ ಒಣಹುಲ್ಲಿಗೆ ಬೇರೆಯೇ ಹೆಸರು: ಕೊಚ್ಚಿಯಲ್ಲಿ ವೈಕ್ಕೋಲ್, ತಿರುವನಂತಪುರದ ಕಡೆ ಕಚ್ಚಿ. ಬೆಲೆಯಿದ್ದದ್ದು ಆ ಹೆಸರುಗಳ ಜೊತೆ ಹೋಯಿತು. ಪುಲ್ಲ್ ಪಾಲಿಗೆ ಉಳಿದದ್ದು ಕರೆಯದೆ ಬೆಳೆಯುವ ಹಸಿರು. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಪಾವಗಡದಲ್ಲಿ ಅದರ ಕಾಲುಭಾಗವೂ ಇಲ್ಲ. ಗೋಡೆಯ ಸಂದಿಯಲ್ಲೂ ಚಿಗುರುವುದನ್ನು ಯಾರು ಮರ್ಯಾದೆಯಿಂದ ಕಂಡಾರು?

ಒಂದು ಹುಲ್ಲನ್ನು ಮಾತ್ರ ಇವರೂ ಹಗುರ ಮಾಡಿಲ್ಲ: ಇಂಚಿಪ್ಪುಲ್ಲ್, ನಮ್ಮ ನಿಂಬೆಹುಲ್ಲಿನ ಜಾತಿಯದು. ಅದರಿಂದ ಇಳಿಸಿದ ಪುಲ್‌ತೈಲ ಈ ಬಂದರಿನಿಂದಲೇ ಹಡಗು ಹತ್ತುತ್ತಿತ್ತು; ಆ ಹುಲ್ಲಿಗೆ ಇಂಗ್ಲಿಷಿನಲ್ಲಿ ‘ಕೊಚ್ಚಿನ್ ಗ್ರಾಸ್’ ಎಂದೇ ಹೆಸರು. ಎರ್ನಾಕುಳಂ ಜಿಲ್ಲೆಯ ಓಡಕ್ಕಾಲಿಯಲ್ಲಿ ಅದಕ್ಕೆ ಸಂಶೋಧನಾ ಕೇಂದ್ರವೂ ಇದೆ. ನೆಲ ಒರೆಸುವ ನೀರಿಗೆ ನಾಲ್ಕು ಹನಿ ಹಾಕುತ್ತಾರೆ. ಅಮ್ಮ ಊರಿಗೆ ಹೊರಟಾಗ ಎರಡು ಬಾಟಲಿ ಸೀರೆಯಲ್ಲಿ ಸುತ್ತಿಕೊಂಡರು, ಒಂದು ಮನೆಗೆ, ಒಂದು ಕೊಟ್ಟಿಗೆಗೆ.