ಸೊಸೆ ಜೊತೇಲಿ ಅವಳ ಕ್ರೆಡಿಟ್ಟೂ ಬರ್ಲಿ

ಮದ್ವೆ ಮಾತುಕತೆಗೆ ಕುಂತಾಗ ನಾವು ಒಡವೆ ಎಷ್ಟು, ಛತ್ರ ಯಾವ್ದು, ಬೀಗರೂಟ ಯಾವತ್ತು ಅಂತ ಎಲ್ಲಾನೂ ಕೇಳ್ತೀವಿ. ಹುಡುಗಿ ಇನ್ನೂ ಡಿಗ್ರಿ ಓದ್ತಾ ಅವ್ಳೆ ಅಂದ್ರೆ, "ಓದುಸ್ತೀವಿ ಬುಡಿ, ಬ್ಯಾಡ ಅಂದೋರ್ಯಾರು" ಅಂತಾರೆ ಗಂಡಿನ ಕಡೆಯೋರು. ಆ ಮಾತು ಸುಳ್ಳಲ್ಲ, ಮನಸ್ಸಿಂದ್ಲೇ ಆಡಿರ್ತಾರೆ. ಆದ್ರೆ ಯಾವ ಕಾಲೇಜಲ್ಲಿ ಓದುಸ್ತೀರಿ, ಆಗ್ಲೇ ಓದಿರೋ ಮೂರು ಸೆಮಿಸ್ಟರ್ ಏನಾಯ್ತದೆ ಅಂತ ಒಬ್ರೂ ಕೇಳಕ್ಕಿಲ್ಲ. ಅದನ್ನ ಕೇಳ್ಬೇಕು ಅನ್ನೋದೇ ನನ್ನ ವಾದ. ಹುಡುಗಿ ಮೈಮೇಲಿರೋ ಒಡವೆ ಎಂಗೆ ಅವಳದ್ದೋ, ಓದಿ ಪಾಸಾದ ಪೇಪರೂ ಅಂಗೇ ಅವಳದ್ದು. ತವರಿಂದ ಬರೋವಾಗ ಅದೂ ಅವಳ ಜೊತೇಲಿ ಬರ್ಬೇಕು.

ನಮ್ಮ ದುದ್ದದ ಕಡೆ ಈಗ ಹೆಣ್ಮಕ್ಳು ಓದಲ್ಲ ಅನ್ನೋ ಕಾಲ ಹೋಯ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ್ಮೇಲೆ ಮಂಡ್ಯಕ್ಕೆ ಹೋಗಿ ಬರೋ ಬಸ್ ಚಾರ್ಜಿನ ಚಿಂತೆಯೂ ತಪ್ತು. ಓದು ನಿಲ್ತಿರೋದು ಬಸ್ಸಿಂದಲ್ಲ, ಕಾಗದದಿಂದ. ನಂಗೆ ಗೊತ್ತಿರೋ ಒಂದು ಸೊಸೆ ಬೇರೆ ಜಿಲ್ಲೇಲಿ ಬಿ.ಕಾಂ. ಮೂರು ಸೆಮಿಸ್ಟರ್ ಮುಗ್ಸಿ ಬಂದ್ಲು. ಇಲ್ಲಿ ಕಾಲೇಜಲ್ಲಿ ಕೇಳಿದ್ರೆ, "ನಿಮ್ಮ ಯೂನಿವರ್ಸಿಟಿ ಬೇರೆ, ಪಾಠ ಬೇರೆ, ಮೊದಲ್ನೇ ವರ್ಷಕ್ಕೇ ಸೇರ್ಕಳಿ" ಅಂದ್ರು. ಎರಡು ಸಲ ಫೀಸು ಯಾರು ಕಟ್ತಾರೆ? ಈಗ ಗಾರ್ಮೆಂಟ್ಸ್‌ಗೆ ಹೋಯ್ತಾಳೆ. ಆ ಕೆಲ್ಸ ಕೀಳು ಅಂತಲ್ಲ. ಆದ್ರೆ ಓದಿದ್ದು ಓದಿಲ್ಲ ಅಂತ ಆಗೋದು ಯಾವ ನ್ಯಾಯ?

ಕ್ರೆಡಿಟ್ ಅಂದ್ರೆ ಏನು ಅಂತ ವಸಿ ಹೇಳ್ತೀನಿ. ವಾರಕ್ಕೆ ಒಂದು ಗಂಟೆಯಂಗೆ ಒಂದು ಸೆಮಿಸ್ಟರ್, ಅಂದ್ರೆ ಸುಮಾರು 15 ಗಂಟೆ ಪಾಠ ಕೇಳಿ ಪಾಸಾದ್ರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದ್ರೆ ಅದರ ಎರಡರಷ್ಟು ಹೊತ್ತು. ವರ್ಷಕ್ಕೆ 40ರ ಲೆಕ್ಕದಲ್ಲಿ ಮೂರು ವರ್ಷದ ಡಿಗ್ರಿಗೆ 120. ಮೂರು ಸೆಮಿಸ್ಟರ್ ಓದಿದ ಹುಡುಗಿ ಹತ್ರ ಹೆಚ್ಚುಕಮ್ಮಿ 60 ಇರ್ತವೆ, ಅಂದ್ರೆ ಅರ್ಧ ಡಿಗ್ರಿ. ಡೈರಿಗೆ ಹಾಲು ಹಾಕಿದ್ದಕ್ಕೆ ಪುಸ್ತಕದಲ್ಲಿ ಬರ್ಕಂಡಂಗೆ ಇದು. ಹಾಕಿದ ಹಾಲನ್ನ ಯಾರೂ ಹಾಕಿಲ್ಲ ಅನ್ನಂಗಿಲ್ಲ.

ಈ ಪುಸ್ತಕ ಇಡಕ್ಕೆ ಒಂದು ಬ್ಯಾಂಕೇ ಐತೆ. 2021ರ ಜುಲೈನಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಶುರು ಮಾಡ್ತು. ಎಬಿಸಿ ಅಂತಾರೆ. ಡಿಜಿಲಾಕರ್‌ನಲ್ಲಿ ಆಧಾರ್ ಕೊಟ್ಟು 12 ಅಂಕಿಯ ಐಡಿ ಮಾಡ್ಕಂಡ್ರೆ, ಕಾಲೇಜಿನೋರು ಹಾಕಿದ ಕ್ರೆಡಿಟ್ ಅದರಲ್ಲಿ ಜಮಾ ಆಯ್ತದೆ. ಹೆಚ್ಚೆಂದ್ರೆ 7 ವರ್ಷ ಇರ್ತದೆ. ಬಾಣಂತನ ಆಯ್ತು, ಮಗು ಅಂಗನವಾಡಿಗೆ ಹೋಗಂಗಾಯ್ತು ಅಂದ್ರೂ ಇನ್ನೂ ಟೈಮಿರ್ತದೆ. ಡಿಗ್ರಿ ಕೊಡೋ ಕಡೆ ಅರ್ಧದಷ್ಟಾದ್ರೂ ಕ್ರೆಡಿಟ್ ಗಳಿಸಿರ್ಬೇಕು ಅನ್ನೋದು ನಿಯಮ. ಅದಕ್ಕೇ ಎರಡ್ನೇ ವರ್ಷದ ನಡುವೆ ಬಂದ ಸೊಸೆಗೆ ದಾರಿ ಸುಲಭ, ಕೊನೇ ಸೆಮಿಸ್ಟರ್‌ನಲ್ಲಿ ಬಂದವಳಿಗೆ ಕಷ್ಟ. ಕೊನೇ ಸೆಮಿಸ್ಟರ್‌ನ ಹುಡುಗಿ ಆದ್ರೆ ಮದ್ವೇನೇ ಆರು ತಿಂಗಳು ಮುಂದಕ್ಕೆ ಹಾಕಿ ಅಂತೀನಿ ನಾನು. ಮುಹೂರ್ತ ಮತ್ತೆ ಸಿಕ್ತದೆ.

ಆದ್ರೆ ಬ್ಯಾಂಕಲ್ಲಿ ಜಮಾ ಐತೆ ಅಂದ್ಮಾತ್ರಕ್ಕೆ ಎದುರಿನ ಕಾಲೇಜು ಒಪ್ಪಲೇಬೇಕು ಅಂತೇನಿಲ್ಲ. ಸೀಟಿರ್ಬೇಕು, ಪಾಠಪಟ್ಟಿ ಹೊಂದ್ಬೇಕು. ನಮ್ಮ ರಾಜ್ಯದಲ್ಲಿ ಇದೇ ದೊಡ್ಡ ತೊಡಕು. 2021-22ರಲ್ಲಿ ಸೇರಿದೋರಿಗೆ ಎನ್‌ಇಪಿ ಪಾಠ, ನಾಲ್ಕು ವರ್ಷದ ಆನರ್ಸ್ ಮಾತು. 2024-25ಕ್ಕೆ ಅದನ್ನ ಕೈಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ. ನಡುವೆ ಬುಟ್ಟವಳು ಈಗ ಯಾವ ಪಟ್ಟಿಗೆ ಸೇರ್ಬೇಕು? ಯೂನಿವರ್ಸಿಟಿ ಹೆಸರುಗಳೂ ನಿಂತ ಕಡೆ ನಿಂತಿಲ್ಲ. ನಮ್ಮ ಜಿಲ್ಲೇಲೇ ಅಕ್ಕನ ಮಾರ್ಕ್ಸ್ ಕಾರ್ಡ್ ಮೈಸೂರು ವಿಶ್ವವಿದ್ಯಾಲಯದ್ದು, ತಂಗಿಯದು ಮಂಡ್ಯ ವಿಶ್ವವಿದ್ಯಾಲಯದ್ದು. ಆ ಮಂಡ್ಯದ್ದನ್ನೂ ಮುಚ್ಚೋ ಮಾತು 2025ರ ಫೆಬ್ರವರೀಲಿ ಸಂಪುಟ ಉಪಸಮಿತಿಯಿಂದ ಬಂತು. ಬೆಂಗಳೂರಿಗೆ ಕೊಟ್ಟ ಹೆಣ್ಮಕ್ಳ ಕತೆ ಕೇಳ್ಬ್ಯಾಡಿ, ಅಲ್ಲಿ ಹಳೇ ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಮೂರಾಗೈತೆ. ಏರಿಯಾ ಬದಲಾದ್ರೆ ಯೂನಿವರ್ಸಿಟಿಯೂ ಬದಲಾಯ್ತದೆ.

"ಇಷ್ಟೆಲ್ಲ ಯಾಕೆ, ಮೈಸೂರಿನ ಮುಕ್ತ ವಿವಿಗೆ ಕಟ್ಸುದ್ರೆ ಆಯ್ತು" ಅನ್ನೋರವ್ರೆ. ಒಳ್ಳೇ ದಾರಿಯೇ. 1996ರಿಂದ ಮನೇಲಿದ್ದು ಓದೋ ಎಷ್ಟೋ ಹೆಂಗಸರಿಗೆ ಅದು ಆಸರೆ ಆಗೈತೆ. ಆದ್ರೆ 2013-14ರಿಂದ ಅದಕ್ಕೆ ಯುಜಿಸಿ ಮಾನ್ಯತೆ ಇಲ್ದಂಗಾಗಿ, 2018ರಲ್ಲಿ ಮತ್ತೆ ಸಿಕ್ತು. ಆ ನಡುವೆ ಓದಿದೋರು ಡಿಗ್ರಿ ಕೈಲಿಟ್ಕಂಡು ಪಟ್ಟ ಪಾಡು ಮರೆಯಂಗಿಲ್ಲ. ಅದಕ್ಕೇ ಎಲ್ಲೇ ಕಟ್ಸಿ, ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಐತಾ ಅಂತ ಯುಜಿಸಿ ವೆಬ್‌ಸೈಟಲ್ಲಿ ನೋಡ್ಸಿ ಆಮೇಲೆ ದುಡ್ಡು ಕಟ್ಟಿ. ಏಜೆಂಟ್ ಹೇಳ್ದ ಅಂತ ಕಟ್ಬ್ಯಾಡಿ.

ಅವ್ವಂದಿರೇ, ಅತ್ತೇರೇ, ನಮ್ಮ ಕೈಲಿ ಆಗೋದು ಇಷ್ಟೈತೆ. ಲಗ್ನಪತ್ರಿಕೆ ಅಚ್ಚಿಗೆ ಕೊಡೋ ಮುಂಚೆ ಹುಡುಗಿ ಎಬಿಸಿ ಐಡಿ ಮಾಡುಸ್ಲಿ. ಆಧಾರ್‌ಗೆ ಅಪ್ಪನದ್ದೋ ಅಣ್ಣನದ್ದೋ ಫೋನ್ ನಂಬರ್ ಇದ್ರೆ ಅವಳ ಸ್ವಂತ ನಂಬರ್ ಹಾಕ್ಸಿ. ಇಲ್ದಿದ್ರೆ ಒಟಿಪಿ ತವರಿಗೆ ಹೋಯ್ತದೆ, ಇವಳು ಇಲ್ಲಿ ಕಾಯ್ತಾ ಕುಂತಿರ್ತಾಳೆ. ಮದ್ವೆ ಆದ ತಕ್ಷಣ ಆಧಾರ್‌ನಲ್ಲಿ ಗಂಡನ ಹೆಸರು ಸೇರ್ಸಕ್ಕೆ ಓಡ್ಬ್ಯಾಡಿ. ಮಾರ್ಕ್ಸ್ ಕಾರ್ಡಿನ ಹೆಸರಿಗೂ ಆಧಾರ್ ಹೆಸರಿಗೂ ಹೊಂದದಿದ್ರೆ ಅದೇ ಒಂದು ತಕರಾರು. ಟಿ.ಸಿ., ಮೈಗ್ರೇಷನ್ ಸರ್ಟಿಫಿಕೇಟ್, ಎಲ್ಲಾ ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡು, ಜೊತೆಗೆ ಓದಿದ ಸಿಲಬಸ್ ಪ್ರತಿ, ಇವಿಷ್ಟು ಒಂದು ಫೈಲಲ್ಲಿ ಇರ್ಲಿ. ಸಿಲಬಸ್ಸನ್ನ ಎಲ್ಲಾರೂ ಮರೀತಾರೆ. ಆದ್ರೆ ಪಾಠ ಹೊಂದ್ತದೋ ಇಲ್ವೋ ಅಂತ ನೋಡೋದೇ ಅದರಿಂದ.

ಉಳಿದಿದ್ದು ಸರ್ಕಾರದ್ದು. ಪಾಠದಲ್ಲಿ ವ್ಯತ್ಯಾಸ ಇದ್ರೆ ಎಂಗೆ ಸುಮ್ನೆ ಸೇರುಸ್ಕಳದು ಅಂತ ಕಾಲೇಜಿನೋರು ಕೇಳ್ತಾರೆ. ಅದು ತಪ್ಪು ಮಾತಲ್ಲ, ಡಿಗ್ರಿಗೆ ಬೆಲೆ ಇರ್ಬೇಕು. ಆದ್ರೆ ಎರಡು ಪೇಪರ್ ಕಮ್ಮಿ ಇದ್ರೆ ಆ ಎರಡು ಪೇಪರ್ ಬರಸ್ಲಿ. ಮೂರು ಸೆಮಿಸ್ಟರ್ ಯಾಕೆ ತಿರುಗಾ ಓದ್ಬೇಕು? ಇದೇ ರಾಜ್ಯದ ದುಡ್ಡಲ್ಲಿ ನಡೆಯೋ ಯೂನಿವರ್ಸಿಟಿಗಳು ಒಂದರ ಪಾಠ ಒಂದು ಒಪ್ಪಕ್ಕಿಲ್ಲ ಅಂದ್ರೆ, ಆ ಜಗಳ ಅವ್ರವ್ರೇ ಕುಂತು ತೀರ್ಸ್ಕಬೇಕು. ಯಾವ ಪೇಪರಿಗೆ ಯಾವ ಪೇಪರ್ ಸಮ ಅಂತ ಒಂದು ಪಟ್ಟಿ ಮಾಡಿ ಎಲ್ಲಾ ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕ್ಲಿ. ಮಗು ಕಂಕುಳಲ್ಲಿ ಇಟ್ಕಂಡು ಆಫೀಸಿಂದ ಆಫೀಸಿಗೆ ಅಲೆಯೋ ಕೆಲ್ಸ ನಮ್ಮ ಸೊಸೆದೀರಿಗೆ ಬ್ಯಾಡ.