ಗಾಳಿ ಇದ್ದಷ್ಟು ಇಂಧನ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮ ಮನೆಗಳಲ್ಲಿ ಹಿರಿಯರು ಹಣಕಾಸಿನ ಬಗ್ಗೆ ಹೇಳುವ ಮಾತು. ಅಮೆರಿಕದಲ್ಲಿ ಹಳೆಯ ಡೀಸೆಲ್ ಪಿಕಪ್ ಟ್ರಕ್ಕನ್ನು ಓಟದ ಪಂದ್ಯಕ್ಕೆ ಸಜ್ಜುಗೊಳಿಸುವ ಹುಡುಗರಿಗೆ ಈ ಗಾದೆ ಗೊತ್ತಿರಲಾರದು. ಆದರೆ ಅವರಲ್ಲಿ ಅನೇಕರು ಇದೇ ಪಾಠವನ್ನು ಕರಗಿಹೋದ ಪಿಸ್ಟನ್ನಿನ ಮುಂದೆ ನಿಂತು ಕಲಿಯುತ್ತಾರೆ. ಅಲ್ಲಿ ಹಾಸಿಗೆ ಎಂದರೆ ಗಾಳಿ, ಕಾಲು ಎಂದರೆ ಡೀಸೆಲ್.

ಡ್ರ್ಯಾಗ್ ರೇಸ್ ಎಂಬ ಈ ಪಂದ್ಯದ ನಿಯಮ ಬಲು ಸರಳ. ನೇರವಾದ ಹಾದಿ, ಅಕ್ಕಪಕ್ಕದಲ್ಲಿ ಎರಡು ವಾಹನ. ದೂರ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್; ಕೆಲವೆಡೆ ಅದರ ಅರ್ಧ. ಮುಂದಿನ ಕಂಬದಲ್ಲಿ ಹಳದಿ ದೀಪಗಳು ಬೆಳಗಿ, ಹಸಿರು ದೀಪ ಬಂದಾಗ ಹೊರಡಬೇಕು. ಈ ಕ್ರೀಡೆಯ ಮುಖ್ಯ ಸಂಸ್ಥೆಯಾದ ಎನ್‌ಎಚ್‌ಆರ್‌ಎ ಹುಟ್ಟಿದ್ದು 1951ರಲ್ಲಿ. ಬೀದಿಗಳಲ್ಲಿ ಕದ್ದುಮುಚ್ಚಿ ಪಂದ್ಯ ಕಟ್ಟುತ್ತಿದ್ದ ಯುವಕರನ್ನು ಸುರಕ್ಷಿತ ಹಾದಿಗೆ ತರುವುದೇ ಅದರ ಮೊದಲ ಉದ್ದೇಶಗಳಲ್ಲಿ ಒಂದಾಗಿತ್ತು.

ಹೊಲ, ಗೋದಾಮು, ಕುದುರೆ ಸಾಗಿಸುವ ಟ್ರೇಲರ್ ಎಂದು ದುಡಿದು ಹಳತಾದ ಪಿಕಪ್ಪಿಗೂ ಓಟದ ಪಂದ್ಯಕ್ಕೂ ಎತ್ತಣ ಸಂಬಂಧ? ಟಗರಿನ ತಲೆಯ ಲಾಂಛನವಿರುವ 1996ರ ಡಾಜ್ ರಾಮ್ ಟ್ರಕ್ಕನ್ನೇ ನೋಡೋಣ. ಅದರೊಳಗಿನ ಕಮ್ಮಿನ್ಸ್ ಎಂಜಿನ್ನಿಗೆ ಸಾಲಾಗಿ ಆರು ಸಿಲಿಂಡರ್, 5.9 ಲೀಟರ್ ಗಾತ್ರ, ಎರಕದ ಕಬ್ಬಿಣದ ಮೈ. ಕೈಗೇರಿನ ಮಾದರಿಗೆ 215 ಅಶ್ವಶಕ್ತಿ. ತಿರುಚುಬಲ, ಅಂದರೆ ಟಾರ್ಕ್, ಸುಮಾರು 597 ನ್ಯೂಟನ್ ಮೀಟರ್. ಒಂದು ಕಾಲಕ್ಕೆ ನಮ್ಮ ಬೀದಿಗಳನ್ನು ತುಂಬಿದ್ದ ಮಾರುತಿ 800ರ ಎಂಜಿನ್ನಿಗಿಂತ ಇದು ಸುಮಾರು ಹತ್ತು ಪಟ್ಟು ಹೆಚ್ಚು! ಭಾರ ಎಳೆಯಲೆಂದು ಇಷ್ಟು ಗಟ್ಟಿಯಾಗಿ ಕಟ್ಟಿದ ಎಂಜಿನ್ ಇನ್ನೂ ಹೆಚ್ಚು ತಾಳೀತು ಎಂಬ ಆಸೆಯೇ ಈ ಹವ್ಯಾಸದ ಮೂಲ.

ಡೀಸೆಲ್ ಎಂಜಿನ್ನು ಪಂದ್ಯಕ್ಕೆ ಹೊಸದೇನೂ ಅಲ್ಲ. 1931ರ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ಕಮ್ಮಿನ್ಸ್ ಕಂಪನಿಯ ಡೀಸೆಲ್ ಕಾರು 500 ಮೈಲಿಗಳನ್ನು ಒಮ್ಮೆಯೂ ನಿಲ್ಲದೆ ಓಡಿ ಮುಗಿಸಿತು. 1952ರಲ್ಲಿ ಅದೇ ಕಂಪನಿಯ ಇನ್ನೊಂದು ಕಾರು ಅರ್ಹತಾ ಸುತ್ತಿನಲ್ಲಿ ಗಂಟೆಗೆ ಸುಮಾರು 222 ಕಿಲೋಮೀಟರ್ ವೇಗ ತೋರಿ, ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟಿತು. ಗೆದ್ದಿತೆ? ಇಲ್ಲ. ಹಾದಿಯ ಮೇಲಿನ ಟೈರಿನ ರಬ್ಬರ್ ಚೂರುಗಳು ಟರ್ಬೋದ ಬಾಯಿ ಮುಚ್ಚಿದವು. 71ನೇ ಸುತ್ತಿಗೆ ಕಾರು ಹೊರಬಿತ್ತು. ಸಾಮರ್ಥ್ಯ ಬೇಕಾದಷ್ಟಿತ್ತು, ಉಸಿರು ಕಟ್ಟಿತು.

ಒಂದು ತಗಡಿನ ಆಮಿಷ

ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ತುಳಿದರೆ ಒಳಬರುವ ಗಾಳಿಯ ಬಾಗಿಲು ತೆರೆಯುತ್ತದೆ. ಹಳೆಯ ಡೀಸೆಲ್ಲಿನಲ್ಲಿ ಹಾಗಲ್ಲ. ಗಾಳಿಯ ಬಾಗಿಲು ಸದಾ ತೆರೆದೇ ಇರುತ್ತದೆ. ಪಿಸ್ಟನ್ನು ಆ ಗಾಳಿಯನ್ನು ಹದಿನೇಳೂವರೆಯಲ್ಲಿ ಒಂದು ಪಾಲಿಗೆ ಅದುಮುತ್ತದೆ. ಸೈಕಲ್ ಪಂಪು ಬಿಸಿಯಾಗುವುದನ್ನು ಮುಟ್ಟಿ ನೋಡಿದವರಿಗೆ ಗೊತ್ತು, ಅದುಮಿದ ಗಾಳಿ ಕಾಯುತ್ತದೆ. ಇಲ್ಲಿ ಕಾವು 500 ಡಿಗ್ರಿ ಸೆಲ್ಸಿಯಸ್ಸನ್ನೂ ದಾಟುತ್ತದೆ. ಅದಕ್ಕೆ ಸಿಂಪಡಿಸಿದ ಡೀಸೆಲ್ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಎಷ್ಟು ಡೀಸೆಲ್ ಸಿಂಪಡಿಸಿದರೆ ಅಷ್ಟು ಬಲ.

ಆ ಅಳತೆ ಮಾಡುವುದು ಇಂಧನದ ಪಂಪು. 1994ರಿಂದ 1998ರವರೆಗಿನ ಈ ಟ್ರಕ್ಕುಗಳಲ್ಲಿ ಇದ್ದದ್ದು ಬಾಷ್ ಕಂಪನಿಯ ಪಿ7100 ಎಂಬ ಪೂರ್ಣ ಯಾಂತ್ರಿಕ ಪಂಪು. ಕನ್ನಡಿಗರಿಗೆ ಬಾಷ್ ಅಪರಿಚಿತವಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ತಲೆಮಾರುಗಳಿಗೆ ಅನ್ನ ಕೊಟ್ಟ ‘ಮೈಕೋ’ ಇದೇ ಬಳಗದ್ದು. ಡೀಸೆಲ್ ಪಂಪುಗಳ ತಯಾರಿಕೆಗೆ ಅದು ಹೆಸರಾಗಿತ್ತು.

ಪಿ7100 ಪಂಪಿನೊಳಗೆ ಬೆರಳಗಲದ ಒಂದು ಲೋಹದ ಪಟ್ಟಿ ಇದೆ. ಇಂಧನ ಇಷ್ಟಕ್ಕಿಂತ ಹೆಚ್ಚು ಹೋಗಬಾರದೆಂದು ತಡೆಯುವುದು ಅದರ ಕೆಲಸ. ಅದನ್ನು ಅರದಿಂದ ಉಜ್ಜಿಯೋ ತುಸು ಜರುಗಿಸಿಯೋ ಬಿಟ್ಟರೆ ಸಾಕು, ಒಂದೇ ಮಧ್ಯಾಹ್ನದಲ್ಲಿ ಅಶ್ವಶಕ್ತಿ ಏರುತ್ತದೆ. ಕಂಪ್ಯೂಟರ್ ಬೇಡ, ದುಬಾರಿ ಸಾಮಾನು ಬೇಡ. ಹದಿನೆಂಟರ ಹುಡುಗನಿಗೆ ಇದಕ್ಕಿಂತ ದೊಡ್ಡ ಆಮಿಷ ಇನ್ನೇನು?

ತೊಂದರೆ ಇರುವುದು ಲೆಕ್ಕದಲ್ಲಿ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಬೆರೆಯಲು ಸಿಗುವ ಸಮಯ ಅತ್ಯಲ್ಪವಾದ್ದರಿಂದ ನಿಜವಾಗಿ ಬೇಕಾಗುವುದು ಇನ್ನೂ ಹೆಚ್ಚು. ಗಾಳಿ ಹೆಚ್ಚಿಸದೆ ಡೀಸೆಲ್ ಮಾತ್ರ ಸುರಿದರೆ ಅರೆಬೆಂದ ಇಂಧನ ಕಪ್ಪು ಹೊಗೆಯಾಗಿ ಹೊರಬರುತ್ತದೆ. ನೋಡುವವರು ‘ಏನು ಶಕ್ತಿ!’ ಎಂದು ಚಪ್ಪಾಳೆ ತಟ್ಟುತ್ತಾರೆ. ಅದು ಶಕ್ತಿಯಲ್ಲ, ಪೋಲು. ಜೊತೆಗೆ ಒಳಗಿನ ಕಾವೂ ಏರುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಪಿಸ್ಟನ್ ಮಾಡಿರುವುದೂ ಅಲ್ಯೂಮಿನಿಯಂ ಮಿಶ್ರಲೋಹದಿಂದಲೇ. ಕೆಳಗಿನಿಂದ ಚಿಮ್ಮುವ ಎಣ್ಣೆ ಅದನ್ನು ತಂಪಾಗಿಡುತ್ತದೆ, ನಿಜ. ಆದರೆ ಎಲ್ಲಕ್ಕೂ ಒಂದು ಮಿತಿಯಿದೆ. ಆದ್ದರಿಂದ ಬಲ್ಲವರು ಮೊದಲು ಕೊಳ್ಳುವುದು ಬಲ ಹೆಚ್ಚಿಸುವ ಭಾಗವನ್ನಲ್ಲ. ಹೊಗೆಯ ಕಾವು ತೋರಿಸುವ ಮಾಪಕವನ್ನು. ಅದರ ಮುಳ್ಳು 700 ಡಿಗ್ರಿಯ ಆಸುಪಾಸಿಗೆ ಬಂದರೆ ಕಾಲು ತಾನಾಗಿಯೇ ಹಿಂದೆ ಸರಿಯಬೇಕು.

ಘನಮೂಲದ ಬೆಲೆ

ಎಷ್ಟು ಶಕ್ತಿಗೆ ಎಷ್ಟು ಸಮಯ ಉಳಿದೀತು? ಪಿಯುಸಿ ವಿದ್ಯಾರ್ಥಿಗಳು ಇದನ್ನು ತಾವೇ ಬಿಡಿಸಬಹುದು. ಎಂಜಿನ್ನಿನ ಸಾಮರ್ಥ್ಯ ಒಂದೇ ಸಮನಾಗಿದೆ ಎಂದಿಟ್ಟುಕೊಳ್ಳಿ. ಸಾಮರ್ಥ್ಯವನ್ನು ಕಾಲದಿಂದ ಗುಣಿಸಿದರೆ ಚಲನಶಕ್ತಿ. ಅದರಿಂದ ವೇಗ, ವೇಗದಿಂದ ದೂರ. ಕೊನೆಗೆ ಸಿಗುವ ಉತ್ತರ ಇದು: ಗೊತ್ತಾದ ದೂರವನ್ನು ಕ್ರಮಿಸಲು ಬೇಕಾದ ಕಾಲದ ಘನವು ವಾಹನದ ತೂಕಕ್ಕೆ ನೇರ ಅನುಪಾತದಲ್ಲಿಯೂ ಎಂಜಿನ್ನಿನ ಸಾಮರ್ಥ್ಯಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ.

ಸುಮಾರು 2,700 ಕಿಲೋ ತೂಗುವ, 215 ಅಶ್ವಶಕ್ತಿಯ ಟ್ರಕ್ಕು ಕಾಲು ಮೈಲಿಗೆ 18 ಸೆಕೆಂಡು ತೆಗೆದುಕೊಳ್ಳುತ್ತದೆ ಎನ್ನೋಣ. ಅದನ್ನು 12 ಸೆಕೆಂಡಿಗೆ ಇಳಿಸಲು ಸಾಮರ್ಥ್ಯ ಒಂದೂವರೆ ಪಟ್ಟಾದರೆ ಸಾಲದು. ಒಂದೂವರೆಯ ಘನ, ಅಂದರೆ ಸುಮಾರು 3.4 ಪಟ್ಟು ಬೇಕು: 725 ಅಶ್ವಶಕ್ತಿ! ಒಂಬತ್ತು ಸೆಕೆಂಡಿಗೆ ಇಳಿಸಬೇಕೆಂದರೆ ಎಂಟು ಪಟ್ಟು. ಮೊದಲ ಒಂದೆರಡು ಸೆಕೆಂಡು ಅಗ್ಗ; ಆಮೇಲಿನ ಪ್ರತಿ ಸೆಕೆಂಡೂ ದುಬಾರಿ. ಪರೀಕ್ಷೆಯಲ್ಲಿ 40ರಿಂದ 60ಕ್ಕೆ ಏರುವುದಕ್ಕೂ 90ರಿಂದ 95ಕ್ಕೆ ಏರುವುದಕ್ಕೂ ಇರುವ ವ್ಯತ್ಯಾಸ ಬಲ್ಲ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ.

ಮೊದಲು ದುರಸ್ತಿ

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಅನುಭವಿಗಳ ಉತ್ತರ ಹುಡುಗರಿಗೆ ರುಚಿಸುವಂಥದ್ದಲ್ಲ: ಇರುವುದನ್ನು ಮೊದಲು ಸರಿಮಾಡು.

ಈ ಎಂಜಿನ್ನಿನಲ್ಲೇ ಅದಕ್ಕೊಂದು ಪ್ರಸಿದ್ಧ ಉದಾಹರಣೆ ಇದೆ. ಮುಂಭಾಗದ ಗೇರುಗಳ ಕವಚವನ್ನು ಸರಿಯಾದ ಜಾಗದಲ್ಲಿ ಕೂರಿಸಲು ಒಂದು ಚಿಕ್ಕ ಉಕ್ಕಿನ ಪಿನ್ನು ಇಟ್ಟಿದ್ದಾರೆ. ವರ್ಷಗಟ್ಟಲೆ ನಡುಗಿ ನಡುಗಿ ಅದು ನಿಧಾನಕ್ಕೆ ಹೊರಸರಿಯಬಹುದು. ತಿರುಗುವ ಗೇರುಗಳ ನಡುವೆ ಬಿದ್ದರೆ ಎಂಜಿನ್ನೇ ಹಾಳು. ಟ್ರಕ್ಕಿನ ಹವ್ಯಾಸಿಗಳು ಅದಕ್ಕೆ ‘ಕೊಲೆಗಾರ ಪಿನ್ನು’ ಎಂದೇ ಹೆಸರಿಟ್ಟಿದ್ದಾರೆ. ಪರಿಹಾರ? ಪಕ್ಕದ ಬೋಲ್ಟಿಗೆ ಸಿಕ್ಕಿಸುವ ಒಂದು ತುಂಡು ತಗಡು. ಮುಂದಿನ ಮುಚ್ಚಳ ಬಿಚ್ಚಿ ಪಿನ್ನಿಗೆ ಅಡ್ಡ ಹಾಕಿದರೆ ಮುಗಿಯಿತು. ಇದರಿಂದ ಒಂದು ಅಶ್ವಶಕ್ತಿಯೂ ಏರುವುದಿಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಇದನ್ನು ಮಾಡದೆ ಮೇಲಿನ ಸಾವಿರಾರು ಡಾಲರುಗಳ ಕೆಲಸ ಮಾಡಿಸುವುದು ಮರಳಿನ ಮೇಲೆ ಮಹಡಿ ಕಟ್ಟಿದಂತೆ.

ಆನಂತರವೂ ದಾರಿ ಸರಪಳಿಯಂತೆಯೇ ಸಾಗುತ್ತದೆ. ಹೆಚ್ಚು ಡೀಸೆಲ್ಲಿಗೆ ಹೆಚ್ಚು ಗಾಳಿ ಬೇಕು. ಅದಕ್ಕೆ ದೊಡ್ಡ ಟರ್ಬೋ. ಹೊರಹೋಗುವ ಬಿಸಿ ಹೊಗೆಯಿಂದಲೇ ತಿರುಗಿ ಗಾಳಿಯನ್ನು ಒಳಕ್ಕೆ ತುರುಕುವ ಚಕ್ರ ಅದು. ಗಾಳಿಯ ಒತ್ತಡ ಏರಿದರೆ ಸಿಲಿಂಡರಿನ ಹೆಡ್ಡು ಮೇಲೇಳಲು ಹವಣಿಸಿ ಗ್ಯಾಸ್ಕೆಟ್ ಸುಡುತ್ತದೆ. ಹಳೆಯ ಬೋಲ್ಟುಗಳ ಜಾಗಕ್ಕೆ ಗಟ್ಟಿ ಸ್ಟಡ್‌ಗಳು ಬೇಕು. ಎಂಜಿನ್ ಹೆಚ್ಚು ಸುತ್ತು ತಿರುಗಲೆಂದು ಪಂಪಿನ ಗವರ್ನರ್ ಸ್ಪ್ರಿಂಗ್ ಬದಲಿಸಿದರೆ ವಾಲ್ವುಗಳು ಸಮಯಕ್ಕೆ ಮುಚ್ಚಲಾರವು. ಅವಕ್ಕೂ ಬಿಗಿಯಾದ ಸ್ಪ್ರಿಂಗ್ ಬೇಕು. ಇಷ್ಟಾದ ಮೇಲೆ ಎಂಜಿನ್ ಗೆಲ್ಲುತ್ತದೆ, ಕ್ಲಚ್ ಸೋಲುತ್ತದೆ. ಆಟೋಮ್ಯಾಟಿಕ್ ಗೇರಿನ ಟ್ರಕ್ಕಾದರೆ ಟಾರ್ಕ್ ಕನ್ವರ್ಟರ್ ಜಾರತೊಡಗುತ್ತದೆ. ಅದನ್ನೂ ಬಲಪಡಿಸಿದರೆ ಹಿಂದಿನ ಅಚ್ಚು ಪಟ್ಟಾ ಸ್ಪ್ರಿಂಗುಗಳನ್ನು ತಿರುಚಿ ಕುಣಿಯುತ್ತದೆ. ಅದಕ್ಕೆ ಅಡ್ಡಪಟ್ಟಿ ಕಟ್ಟಬೇಕು. ಒಂದು ಕೊಂಡಿಯನ್ನು ಗಟ್ಟಿ ಮಾಡಿದರೆ ಮುರಿಯುವ ಸರದಿ ಮುಂದಿನ ಕೊಂಡಿಯದು. ಟ್ರಕ್ಕಿನ ಬಲವೆಂದರೆ ಅದರ ಅತ್ಯಂತ ದುರ್ಬಲ ಕೊಂಡಿಯ ಬಲ, ಅಷ್ಟೆ.

ಪಿಸ್ಟನ್ನಿಗಿಂತ ದೊಡ್ಡದು

ಮುರಿಯುವುದು ಲೋಹ ಮಾತ್ರವಾದರೆ ಹೊಸದನ್ನು ಕೊಳ್ಳಬಹುದು. ಮೂರು ಟನ್ನಿಗೆ ಸಮೀಪದ ವಾಹನ ಗಂಟೆಗೆ 160 ಕಿಲೋಮೀಟರ್ ವೇಗ ಮುಟ್ಟಿದಾಗ ಬ್ರೇಕು, ಟೈರು, ಸ್ಟಿಯರಿಂಗ್ ಯಾವುದೂ ಕೈಕೊಡಬಾರದು. ಡೀಸೆಲ್ಲಿಗೆ ಇನ್ನೊಂದು ಅಪಾಯವೂ ಉಂಟು. ಸವೆದ ಟರ್ಬೋದಿಂದ ಎಣ್ಣೆ ಸೋರಿ ಸಿಲಿಂಡರಿಗೆ ಹೋದರೆ ಎಂಜಿನ್ ಆ ಎಣ್ಣೆಯನ್ನೇ ಇಂಧನವಾಗಿ ಉರಿಸುತ್ತ ಹುಚ್ಚೆದ್ದು ಓಡುತ್ತದೆ. ಕೀಲಿ ತಿರುಗಿಸಿದರೂ ನಿಲ್ಲದು! ಗಾಳಿಯ ಬಾಯಿ ಮುಚ್ಚಿದರೆ ಮಾತ್ರ ನಿಂತೀತು. ಅದಕ್ಕೆಂದೇ ಗಾಳಿ ತಡೆಯುವ ಬಾಗಿಲನ್ನು ಅಳವಡಿಸುವುದುಂಟು.

ಎನ್‌ಎಚ್‌ಆರ್‌ಎ ನಿಯಮಗಳೂ ವೇಗದೊಂದಿಗೆ ಬಿಗಿಯಾಗುತ್ತವೆ. ಇಂಥ ಹಳೆಯ ವಾಹನ ಕಾಲು ಮೈಲಿಯನ್ನು 13.99 ಸೆಕೆಂಡು ಅಥವಾ ಅದಕ್ಕಿಂತ ಬೇಗ ಮುಗಿಸಿದರೆ ಹೆಲ್ಮೆಟ್ ಕಡ್ಡಾಯ. 11.49ಕ್ಕೆ ಇಳಿದರೆ ಚಾಲಕನ ಹಿಂದೆ ಉಕ್ಕಿನ ಕಮಾನು ಬೇಕು. 9.99ಕ್ಕೆ ಇಳಿದರೆ ಸುತ್ತಲೂ ಪಂಜರವೇ ಬೇಕು.

ಹೊಗೆಯ ಪ್ರಶ್ನೆ ಚಾಲಕನೊಬ್ಬನದಲ್ಲ. ಹೊಸ ಪಿಕಪ್ಪುಗಳ ಹೊಗೆ ಶುದ್ಧೀಕರಿಸುವ ಸಾಧನಗಳನ್ನು ಕಿತ್ತುಹಾಕುವ ಚಾಳಿಯೂ ಇದರ ಜೊತೆಯಲ್ಲೇ ಬೆಳೆಯಿತು. 2020ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು, ಹಿಂದಿನ ಒಂದು ದಶಕದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳಿಂದ ಇಂಥ ಸಾಧನಗಳನ್ನು ತೆಗೆಯಲಾಗಿದೆ ಎಂದು ಅಂದಾಜು ಮಾಡಿತು. ಒಬ್ಬರ ಮೋಜಿನ ಹೊಗೆಯನ್ನು ಊರೆಲ್ಲ ಉಸಿರಾಡಬೇಕೆ?

ನಮ್ಮ ರಸ್ತೆಗಳಲ್ಲಿ ಡೀಸೆಲ್ ಪಿಕಪ್ಪಿನ ಪಂದ್ಯವಿಲ್ಲದಿದ್ದರೂ ರಾತ್ರಿಯ ಬೈಕ್ ಪಂದ್ಯಗಳಿಗೆ ಕೊರತೆಯಿಲ್ಲ. ಮೋಟಾರು ವಾಹನ ಕಾಯಿದೆಯ 189ನೇ ಕಲಮಿನ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ಕಟ್ಟುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಆದರೆ ತಾಯ್ತಂದೆಯರು ಹೆದರುವುದು ದಂಡಕ್ಕಲ್ಲ. ಅಪರಾತ್ರಿಯಲ್ಲಿ ಬರುವ ಫೋನಿಗೆ.

ಕೊಟ್ಟ ಮಾತಿನ ಪಂದ್ಯ

ಇಷ್ಟೆಲ್ಲ ಕೇಳಿ ಹುಡುಗರು ನಿರಾಶರಾಗಬೇಕಿಲ್ಲ. ಈ ಕ್ರೀಡೆಯಲ್ಲೇ ಒಂದು ಸೊಗಸಾದ ವಿಭಾಗವಿದೆ. ಬ್ರ್ಯಾಕೆಟ್ ರೇಸ್ ಎನ್ನುತ್ತಾರೆ. ಇಲ್ಲಿ ಪ್ರತಿ ಚಾಲಕ ತನ್ನ ವಾಹನ ಎಷ್ಟು ಸೆಕೆಂಡಿನಲ್ಲಿ ಗುರಿ ಮುಟ್ಟುತ್ತದೆಂದು ಮೊದಲೇ ಗಾಜಿನ ಮೇಲೆ ಬರೆದು ಸಾರುತ್ತಾನೆ. ಒಬ್ಬ 17 ಎಂದು, ಇನ್ನೊಬ್ಬ 11 ಎಂದು ಬರೆದರೆ, ಮೊದಲಿನವನಿಗೆ ಆರು ಸೆಕೆಂಡು ಮುಂಚೆ ಹಸಿರು ದೀಪ. ಇಬ್ಬರಲ್ಲಿ ಮೊದಲು ಗುರಿ ಮುಟ್ಟಿದವನು ಗೆಲ್ಲುತ್ತಾನೆ. ಆದರೆ ತಾನು ಸಾರಿದ್ದಕ್ಕಿಂತ ಬೇಗ ಓಡಿದರೆ, ಎದುರಾಳಿಯೂ ಅದೇ ತಪ್ಪು ಮಾಡದಿದ್ದಲ್ಲಿ, ಸೋತಂತೆ!

ಅಲ್ಲಿ ಗೆಲ್ಲುವುದು ಅತಿವೇಗದ ವಾಹನವಲ್ಲ. ಹೇಳಿದಂತೆ ನಡೆಯುವ ವಾಹನ. ಪಿನ್ನು ಭದ್ರಪಡಿಸಿ, ಫಿಲ್ಟರ್ ಬದಲಿಸಿ, ಬ್ರೇಕು ಸರಿಮಾಡಿ, ಪ್ರತಿ ಓಟದ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟವನ ಹದಿನೇಳು ಸೆಕೆಂಡಿನ ಮುದಿ ಟ್ರಕ್ಕು ಹನ್ನೊಂದು ಸೆಕೆಂಡಿನ ಹೊಸ ಕಾರನ್ನು ಸೋಲಿಸಬಲ್ಲದು.

ಮಗ ಗ್ಯಾರೇಜಿನಿಂದ ಕೈಯೆಲ್ಲ ಎಣ್ಣೆ ಮಾಡಿಕೊಂಡು ಬಂದರೆ, ಮಗಳು ಸ್ಕೂಟರಿನ ಕಾರ್ಬ್ಯುರೇಟರ್ ಬಿಚ್ಚಿ ಕೂತರೆ, ಗದರುವ ಮುನ್ನ ಒಂದು ಪ್ರಶ್ನೆ ಕೇಳಬಹುದು: ‘ಮೊದಲು ಏನನ್ನು ಸರಿಮಾಡಿದೆ?’ ಉತ್ತರ ತಡವರಿಸದೆ ಬಂದರೆ ಆ ಎಣ್ಣೆಯ ಕೈಗಳು ಒಳ್ಳೆಯ ಪಾಠವನ್ನೇ ಕಲಿಯುತ್ತಿವೆ ಎಂದು ತಿಳಿಯಬಹುದು.