ಸೀಟು ಸಿಗದವರಿಗೂ ಒಂದು ಊರು

ಅಮೆರಿಕದಲ್ಲಿ ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಕಾರ್ಮಿಕರ ದಿನದ ರಜೆ. ಶನಿವಾರ, ಭಾನುವಾರಗಳೊಡನೆ ಅದೂ ಸೇರಿದರೆ ಮೂರು ದಿನ ಕೈಗೆ ಸಿಗುತ್ತವೆ. ನ್ಯೂಜೆರ್ಸಿಯ ಸುತ್ತಮುತ್ತ ನೆಲೆಸಿರುವ ಭಾರತೀಯ ಸಂಸಾರಗಳಲ್ಲಿ ಕನ್ನಡದವರೂ ಸಾಕಷ್ಟಿದ್ದಾರೆ. ಮಗನೋ ಮಗಳೋ ಹೈಸ್ಕೂಲಿನ ಕೊನೆಯ ತರಗತಿಗಳಿಗೆ ಬಂದ ಮೇಲೆ ಇಂಥ ರಜೆಯಲ್ಲಿ ಕಾರು ಹತ್ತಿ ಯಾವುದಾದರೊಂದು ವಿಶ್ವವಿದ್ಯಾಲಯದ ಊರನ್ನು ನೋಡಿ ಬರುವುದು ಅಲ್ಲಿಯ ರೂಢಿ. ಹಾಗೆ ಜನ ಹೋಗುವ ಊರುಗಳಲ್ಲಿ ಇಥಾಕಾ ಒಂದು.

ನ್ಯೂಯಾರ್ಕ್ ನಗರದಿಂದ ವಾಯವ್ಯಕ್ಕೆ ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. ಪೆನ್ಸಿಲ್ವೇನಿಯಾದ ಪೊಕೊನೊ ಗುಡ್ಡಗಳನ್ನು ಹತ್ತಿಳಿದು, ಸ್ಕ್ರ್ಯಾಂಟನ್, ಬಿಂಗ್ಹ್ಯಾಮ್ಟನ್ ಊರುಗಳನ್ನು ದಾಟಿದ ಮೇಲೆ ಹೆದ್ದಾರಿ ಬಿಟ್ಟು ಸಣ್ಣ ರಸ್ತೆಗೆ ತಿರುಗಬೇಕು. 2020ರ ಜನಗಣತಿಯ ಪ್ರಕಾರ ಇಥಾಕಾದ ಜನಸಂಖ್ಯೆ ಸುಮಾರು 32 ಸಾವಿರ. ನಮ್ಮಲ್ಲಾದರೆ ಒಂದು ತಾಲ್ಲೂಕು ಕೇಂದ್ರದಷ್ಟು. ಕಯೂಗ ಸರೋವರದ ದಕ್ಷಿಣ ತುದಿಯಲ್ಲಿ ಊರು, ಮೇಲೆ ಗುಡ್ಡದ ನೆತ್ತಿಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ. ತಂತಿ ಸಂಪರ್ಕದ ವ್ಯವಹಾರದಲ್ಲಿ ಹಣ ಗಳಿಸಿದ್ದ ಎಜ್ರಾ ಕಾರ್ನೆಲ್ ಮತ್ತು ವಿದ್ವಾಂಸ ಆಂಡ್ರ್ಯೂ ವೈಟ್ ಸೇರಿ 1865ರಲ್ಲಿ ಇದನ್ನು ಸ್ಥಾಪಿಸಿದರು.

ತಂದೆತಾಯಿಯರ ಮೊದಲ ಪ್ರಶ್ನೆ ಒಂದೇ: ಇಲ್ಲಿ ಸೀಟು ಸಿಗುತ್ತದೆಯೇ? ಎರಡನೆಯದು ಖರ್ಚು. ಫೀಜು, ಊಟ, ವಸತಿ ಎಲ್ಲ ಸೇರಿದರೆ ವರ್ಷಕ್ಕೆ 90 ಸಾವಿರ ಡಾಲರ್ ದಾಟುತ್ತದೆ. ಸೀಟಿನ ವಿಷಯಕ್ಕೆ ಬಂದರೆ, ನೂರು ಮಂದಿ ಅರ್ಜಿ ಹಾಕಿದರೆ ಹತ್ತು ಮಂದಿಗೂ ಸಿಗುವುದಿಲ್ಲ. ಅಂದರೆ ಆ ಮೂರು ದಿನಗಳಲ್ಲಿ ಗುಡ್ಡ ಹತ್ತಿ ಬರುವ ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿ ಓದುವವರಲ್ಲ. ಕಟ್ಟಡಗಳ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗಿದರೆ ಅವರ ಪಾಲಿಗೆ ಉಳಿಯುವುದು ಆ ಫೋಟೊ, ಮುಂದೆ ಬರಬಹುದಾದ ನಿರಾಶೆ, ಇಷ್ಟೇ. ಆದರೆ ಪ್ರವೇಶಪತ್ರ ಕೇಳದೆ ಪಾಠ ಹೇಳುವ ಸ್ಥಳಗಳು ಈ ಊರಿನಲ್ಲಿ ಹಲವಿವೆ.

ಸರೋವರವನ್ನೇ ನೋಡಿ. ಉದ್ದ 61 ಕಿಲೋಮೀಟರ್, ಅತಿ ಹೆಚ್ಚಿನ ಆಳ 132 ಮೀಟರ್. ಅದರ ತಳ ಸಮುದ್ರ ಮಟ್ಟಕ್ಕಿಂತಲೂ ಕೆಳಗಿದೆ. ಹಿಮಯುಗದಲ್ಲಿ ಉತ್ತರದಿಂದ ಸರಿದು ಬಂದ ಹಿಮರಾಶಿ ಹಳೆಯ ನದಿಕಣಿವೆಯನ್ನು ಉಜ್ಜಿ, ಕೊರೆದು, ಇಷ್ಟು ಆಳ ಮಾಡಿತು. ಅಕ್ಕಪಕ್ಕದ ಸಣ್ಣ ಹಳ್ಳಗಳಿಗೆ ಆ ಭಾಗ್ಯವಿರಲಿಲ್ಲ, ಅವು ಮೇಲೆಯೇ ಉಳಿದವು. ಹಿಮ ಕರಗಿದಾಗ ಮೇಲುಳಿದ ಹಳ್ಳಗಳ ನೀರು ಕಣಿವೆಗೆ ಧುಮುಕದೆ ಬೇರೆ ದಾರಿಯಿಲ್ಲ. ಊರಿನ ನಡುವೆಯೇ ಜಲಪಾತಗಳಿರುವ ಗುಟ್ಟು ಇದು. ಸರೋವರದ ದಂಡೆಯಲ್ಲಿ ತುಸು ಉತ್ತರಕ್ಕೆ ಹೋದರೆ ಟಗ್ಹ್ಯಾನಕ್ ಜಲಪಾತ, ಎತ್ತರ 215 ಅಡಿ. ನಯಾಗರಕ್ಕಿಂತ ಎತ್ತರವೆಂದು ಅಲ್ಲಿಯವರಿಗೆ ಹೆಮ್ಮೆ. ಜೋಗದ 830 ಅಡಿ ಕಂಡವರು ಮುಗುಳ್ನಕ್ಕು ಸುಮ್ಮನಿರಬಹುದು.

ನೀರಿನ ಸಾಂದ್ರತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಧಿಕ ಎಂಬ ವಾಕ್ಯವನ್ನು ಬಾಯಿಪಾಠ ಮಾಡದ ವಿದ್ಯಾರ್ಥಿ ಇಲ್ಲ. ಅದರಿಂದ ಏನು ಪ್ರಯೋಜನವೆಂದು ಕೇಳಿದರೆ ಮೌನ. ಚಳಿಗಾಲದಲ್ಲಿ ಸರೋವರದ ಮೇಲಿನ ನೀರು ತಣ್ಣಗಾಗುತ್ತಾ 4 ಡಿಗ್ರಿಗೆ ಬಂದಾಗ ಭಾರವಾಗಿ ಕೆಳಗಿಳಿಯುತ್ತದೆ. ಅದಕ್ಕಿಂತ ತಣ್ಣಗಾದ ನೀರು ಹಗುರವಾದ್ದರಿಂದ ಮೇಲೆಯೇ ನಿಲ್ಲುತ್ತದೆ. ಬೇಸಗೆಯ ಬಿಸಿಲಿಗೆ ಮೇಲ್ಭಾಗ ಬೆಚ್ಚಗಾದರೂ ಆಳದ ನೀರು 4 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಕಾರ್ನೆಲ್‌ನವರು 2000ದಲ್ಲಿ ಸುಮಾರು 250 ಅಡಿ ಆಳದಿಂದ ಈ ನೀರನ್ನು ಕೊಳವೆಯಲ್ಲಿ ದಡಕ್ಕೆ ತಂದು, ಅದರ ತಂಪನ್ನು ಗುಡ್ಡದ ಮೇಲಿನ ಕಟ್ಟಡಗಳಿಗೆ ಹರಿಸಲು ಆರಂಭಿಸಿದರು. ಸರೋವರದ ನೀರು ಗುಡ್ಡ ಹತ್ತುವುದಿಲ್ಲ. ತೆಳು ಲೋಹದ ಹಾಳೆಗಳ ಒಂದು ಬದಿ ಅದು, ಇನ್ನೊಂದು ಬದಿ ಕಟ್ಟಡಗಳಿಂದ ಬಂದ ನೀರು. ಶಾಖ ಮಾತ್ರ ಕೈ ಬದಲಾಯಿಸುತ್ತದೆ. ತಂಪು ಮಾಡುವ ಯಂತ್ರಗಳು ನುಂಗುತ್ತಿದ್ದ ವಿದ್ಯುತ್ತಿನ ಬಹುಪಾಲು ಉಳಿಯಿತು. ಸರೋವರದಲ್ಲಿ ಪಾಚಿ ಹೆಚ್ಚೀತೆಂದು ಊರಿನ ಕೆಲವರು ಆಗ ತಕರಾರು ಎತ್ತಿದ್ದೂ ಉಂಟು. ಅದೂ ತಿಳಿದಿರಬೇಕಾದ ಸಂಗತಿಯೇ.

ಇದೇ ವಿಶ್ವವಿದ್ಯಾಲಯದ ಊಟದ ಹಾಲಿನಲ್ಲಿ ಯಾರೋ ಒಬ್ಬ ತಟ್ಟೆಯನ್ನು ಗಾಳಿಗೆ ಎಸೆದದ್ದನ್ನು ತರುಣ ಅಧ್ಯಾಪಕ ರಿಚರ್ಡ್ ಫೈನ್‌ಮನ್ ನೋಡಿದರು. ಎರಡನೆಯ ಮಹಾಯುದ್ಧ ಮುಗಿದ ಹೊಸತು. ತಟ್ಟೆ ತಿರುಗುತ್ತಲೂ ಇತ್ತು, ತೂರಾಡುತ್ತಲೂ ಇತ್ತು. ಎರಡರ ವೇಗಕ್ಕೆ ಸಂಬಂಧವೇನೆಂದು ಅವರು ಲೆಕ್ಕ ಹಾಕಿ ಹಿರಿಯ ಸಹೋದ್ಯೋಗಿ ಹಾನ್ಸ್ ಬೆಥೆಗೆ ತೋರಿಸಿದರು. ಇದರ ಮಹತ್ವವೇನೆಂದು ಬೆಥೆ ಕೇಳಿದಾಗ, ಏನೂ ಇಲ್ಲ, ಬರೀ ಖುಷಿಗೆ ಎಂಬರ್ಥದ ಉತ್ತರ ಬಂತು. 1965ರಲ್ಲಿ ನೊಬೆಲ್ ತಂದ ಕೆಲಸಕ್ಕೆ ತಾವು ಮರಳಿದ್ದು ಇಂಥ ಆಟದಿಂದಲೇ ಎಂದು ಫೈನ್‌ಮನ್ ಹೇಳಿಕೊಂಡಿದ್ದಾರೆ. ಅವರ ನೆನಪಿನ ಪುಸ್ತಕದಲ್ಲಿ ತಟ್ಟೆ ಒಂದು ಸಲ ತೂರಾಡುವಷ್ಟರಲ್ಲಿ ಎರಡು ಸುತ್ತು ತಿರುಗುತ್ತದೆ ಎಂದಿದೆ. ನಿಜವಾದ ಲೆಕ್ಕ ತಲೆಕೆಳಗು: ಒಂದು ಸುತ್ತಿಗೆ ಎರಡು ತೂರಾಟ. ಒಪ್ಪದವರು ಅಂಚಿಗೆ ಗುರುತು ಹಾಕಿ ಎಸೆದು ನೋಡಬಹುದು. ಅಡುಗೆಮನೆಯ ಸ್ಟೀಲ್ ತಟ್ಟೆ ಬೇಡ, ಪ್ಲಾಸ್ಟಿಕ್ಕಿನದು ಸಾಕು.

ಇನ್ನು ಪೇಟೆಗೆ ಇಳಿಯೋಣ. ಕಾರ್ಲ್ ಸೇಗನ್ ಕಾರ್ನೆಲ್‌ನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕರಾಗಿದ್ದು 1996ರಲ್ಲಿ ತೀರಿಕೊಂಡರು. ಅವರ ಸ್ಮಾರಕವಾಗಿ 1997ರಲ್ಲಿ ಊರಿನವರು ಪ್ರತಿಮೆ ನಿಲ್ಲಿಸಲಿಲ್ಲ. ಸೌರವ್ಯೂಹವನ್ನು 500 ಕೋಟಿ ಪಟ್ಟು ಕುಗ್ಗಿಸಿ ಬೀದಿಯಲ್ಲಿ ನಿಲ್ಲಿಸಿದರು. ವಾಹನಗಳಿಲ್ಲದ ಪೇಟೆಬೀದಿಯಲ್ಲಿ ಸೂರ್ಯನ ಕಂಬ, ವ್ಯಾಸ 28 ಸೆಂಟಿಮೀಟರ್, ಫುಟ್‌ಬಾಲಿಗಿಂತ ಸ್ವಲ್ಪ ದೊಡ್ಡದು. ಅಲ್ಲಿಂದ 30 ಮೀಟರ್ ನಡೆದರೆ ಭೂಮಿ. ಅದು ಎರಡೂವರೆ ಮಿಲಿಮೀಟರ್, ಸಾಸಿವೆ ಕಾಳಿಗಿಂತ ತುಸು ದಪ್ಪ. ಚಂದ್ರ ಅದರಿಂದ ಎಂಟು ಸೆಂಟಿಮೀಟರಿಗೂ ಕಡಿಮೆ ದೂರ, ಒಂದು ಬೆರಳುದ್ದ. ಮನುಷ್ಯ ಹೋಗಿ ಕಾಲಿಟ್ಟು ಬಂದಿರುವುದು ಅಷ್ಟು ದೂರ.

ಮಂಗಳದವರೆಗೆ ಮಕ್ಕಳಿಗೆ ಉತ್ಸಾಹವಿರುತ್ತದೆ, ಕಂಬಗಳು ಒತ್ತೊತ್ತಾಗಿವೆ. ಆಮೇಲೆ ತೊಡಗುತ್ತದೆ ಖಾಲಿತನ. ನೆಲ್ಲಿಕಾಯಿ ಗಾತ್ರದ ಗುರು ಸೂರ್ಯನಿಂದ 156 ಮೀಟರ್, ಶನಿ 286, ಯುರೇನಸ್ 570ಕ್ಕೂ ಹೆಚ್ಚು, ನೆಪ್ಚೂನ್ 900. ಕಾಲು ಸೋಲುತ್ತದೆ, ಇನ್ನೂ ಎಷ್ಟು ದೂರ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗಾಗಿಯೇ ಇದನ್ನು ಕಟ್ಟಿದ್ದು. ಪಠ್ಯಪುಸ್ತಕದ ಚಿತ್ರದಲ್ಲಿ ಗ್ರಹಗಳು ಗೋಲಿಗಳ ಹಾಗೆ ಸಾಲಾಗಿ ಕೂತಿರುತ್ತವೆ. ಒಂದು ಪುಟದಲ್ಲಿ ಅದಕ್ಕಿಂತ ಹೆಚ್ಚು ತೋರಿಸಲಾಗದು. ಬೆಳಕಿನ ವೇಗವನ್ನೂ ಇದೇ ಪ್ರಮಾಣಕ್ಕೆ ಇಳಿಸಿದರೆ ಸೆಕೆಂಡಿಗೆ ಕೇವಲ 6 ಸೆಂಟಿಮೀಟರ್, ಚುರುಕಾದ ಇರುವೆಯ ನಡಿಗೆ. ಸೂರ್ಯನಿಂದ ಹೊರಟ ಆ ಇರುವೆ ಭೂಮಿ ಸೇರಲು ಎಂಟು ನಿಮಿಷ, ಪ್ಲೂಟೊ ಸೇರಲು ಐದೂವರೆ ಗಂಟೆ.

ಪ್ಲೂಟೊ ಇರುವುದು 1.2 ಕಿಲೋಮೀಟರ್ ಆಚೆ, ಸೈನ್‌ಸೆಂಟರ್ ಎಂಬ ವಿಜ್ಞಾನ ಕೇಂದ್ರದ ಬಳಿ. 2006ರಲ್ಲಿ ಅದಕ್ಕೆ ಕುಬ್ಜಗ್ರಹವೆಂದು ಹಿಂಬಡ್ತಿಯಾದರೂ ಕಂಬವನ್ನು ಕಿತ್ತಿಲ್ಲ. ಇಲ್ಲಿ ನಿಂತು ಪೇಟೆಯತ್ತ ತಿರುಗಿ ನೋಡಬೇಕು. ಸೇಗನ್ ಅವರ ಒತ್ತಾಯದಿಂದ 1990ರ ಫೆಬ್ರುವರಿ 14ರಂದು ವಾಯೇಜರ್-1 ನೌಕೆ ಹಿಂತಿರುಗಿ ಭೂಮಿಯ ಚಿತ್ರ ತೆಗೆದದ್ದು ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ. ಈ ಪ್ರಮಾಣದಲ್ಲಿ ಅದೂ 1.2 ಕಿಲೋಮೀಟರೇ. ಇಲ್ಲಿಂದ ಪೇಟೆಬೀದಿಯ ಆ ಸಾಸಿವೆ ಕಾಳು ಕಂಡರೆ ಎಷ್ಟು ಕಂಡೀತೋ, ಚಿತ್ರದಲ್ಲಿ ಭೂಮಿ ಅಷ್ಟೇ ಕಂಡಿತು.

ಈ ನಡಿಗೆಗೆ ಟಿಕೆಟ್ ಇಲ್ಲ. ಕರ್ನಾಟಕದ ಯಾವುದೇ ಶಾಲೆ ತನ್ನ ಊರಿನ ರಸ್ತೆಯಲ್ಲಿ ಒಂದು ಚೆಂಡು, ನಾಲ್ಕಾರು ಕಾಳು, ಅಳತೆಯ ಟೇಪು ಹಿಡಿದು ಒಂದು ಶನಿವಾರ ಬೆಳಿಗ್ಗೆ ಇದನ್ನು ಮಾಡಬಹುದು. ಪ್ಲೂಟೊ ಬರುವಷ್ಟರಲ್ಲಿ ಪಕ್ಕದ ಹಳ್ಳಿಯ ಗಡಿ ಬಂದಿದ್ದರೂ ಆಶ್ಚರ್ಯವಿಲ್ಲ.

2012ರಲ್ಲಿ ಈ ಸಾಲಿಗೆ ಇನ್ನೊಂದು ಕಂಬ ಸೇರಿತು: ಸೂರ್ಯನ ನೆರೆಮನೆಯ ನಕ್ಷತ್ರ ಆಲ್ಫಾ ಸೆಂಟಾರಿ. ಪ್ರಮಾಣ ತಪ್ಪಬಾರದಲ್ಲ, ಆದ್ದರಿಂದ ಅದನ್ನು ನಿಲ್ಲಿಸಿರುವುದು ಪೆಸಿಫಿಕ್ ಸಾಗರದ ಹವಾಯಿ ದ್ವೀಪದಲ್ಲಿ, ಹಿಲೊ ಎಂಬ ಊರಿನಲ್ಲಿ. ಅಲ್ಲಿಗೆ ಕಾರಿನಲ್ಲಿ ಹೋಗಲಾಗದು. ಸೋಮವಾರ ಬೆಳಿಗ್ಗೆಯೇ ಇಥಾಕಾ ಬಿಟ್ಟರೆ, ರಜೆ ಮುಗಿಸಿ ಹಿಂದಿರುಗುವವರ ವಾಹನಗಳ ಸಾಲಿಗೆ ಸಿಕ್ಕದೆ ನ್ಯೂಜೆರ್ಸಿ ಸೇರಬಹುದು.